ಎಂಟರ ಗುರುತಿನ ಹಲ್ಲು

ಬಟ್ಟಲು ತುಂಬ ಆಹಾರವಿದೆ. ಪ್ರಾಣಿ ಅದರ ಮುಂದೆ ಬಂದು ಕೂರುತ್ತದೆ. ಒಂದು ತುಣುಕನ್ನು ಮುಂಗಾಲುಗಳಲ್ಲಿ ಎತ್ತಿ ಬಾಯಿಗಿಡುತ್ತದೆ, ಎರಡು ಸಲ ಅಗಿದಂತೆ ಮಾಡಿ ಕೆಳಗೆ ಬೀಳಿಸುತ್ತದೆ. ಮತ್ತೆ ಎತ್ತುತ್ತದೆ, ಮತ್ತೆ ಬೀಳಿಸುತ್ತದೆ. ದೂರದಿಂದ ನೋಡಿದವರಿಗೆ ಅದು ಊಟ ಮಾಡುತ್ತಿದೆ ಎಂದೇ ಅನ್ನಿಸುತ್ತದೆ. ಕೆಲವು ದಿನ ಬಿಟ್ಟು ಕೈಗೆತ್ತಿಕೊಂಡಾಗ ಮಾತ್ರ ಬೆನ್ನುಮೂಳೆ ಬೆರಳಿಗೆ ತಾಗುತ್ತದೆ. ಹಸಿವು ಇಲ್ಲದ ಕಾಯಿಲೆ ಇದಲ್ಲ. ಹಸಿವಿದ್ದೂ ತಿನ್ನಲಾರದ ಕಾಯಿಲೆ.

ಪ್ರಾಣಿಯ ಹೆಸರು ಡೇಗು. ದಕ್ಷಿಣ ಅಮೆರಿಕದ ಚಿಲಿ ದೇಶದ ನಡುಭಾಗ ಇದರ ತವರು. ನಮ್ಮ ಅಳಿಲಿಗಿಂತ ದಪ್ಪ, ಹೆಗ್ಗಣಕ್ಕಿಂತ ಚಿಕ್ಕದು, ತೂಕ ಹೆಚ್ಚೆಂದರೆ 300 ಗ್ರಾಂ. ಬಾಲದ ತುದಿಯಲ್ಲಿ ಕುಂಚದಂತಹ ಕಪ್ಪು ಕೂದಲು. ಇಲಿಯಂತೆ ಕಂಡರೂ ಇದು ಗಿನಿಪಿಗ್ ಮತ್ತು ಚಿಂಚಿಲ್ಲಾಗಳ ಬಳಗಕ್ಕೆ ಸೇರಿದ ದಂಶಕ. ಯುರೋಪ್ ಮತ್ತು ಅಮೆರಿಕಗಳಲ್ಲಿ ಇದನ್ನು ಮನೆಯೊಳಗೆ ಪಂಜರದಲ್ಲಿ ಸಾಕುತ್ತಾರೆ. ಹಗಲಿನಲ್ಲಿ ಎಚ್ಚರವಾಗಿರುವುದು, ಸಾಕಿದವರ ದನಿ ಗುರುತಿಸುವುದು, ಒಂದರ ಮೈಗೆ ಒಂದು ಒರಗಿ ಗುಂಪಾಗಿ ಮಲಗುವುದು ಇದರ ಆಕರ್ಷಣೆ. ಹೀಗೆ ಸಾಕಿದವರನ್ನು ಕಾಡುವ ಅತಿ ದೊಡ್ಡ ಸಂಕಟವೆಂದರೆ ಹಲ್ಲಿನ ರೋಗ. ಈ ಸಂಕಟಕ್ಕೆ ಎರಡು ಶತಮಾನಗಳನ್ನು ಮೀರಿದ ಒಂದು ಚರಿತ್ರೆ ಇದೆ.

ಹೆಸರಿನಲ್ಲೇ ಹಲ್ಲು

ಡೇಗುವನ್ನು ವಿಜ್ಞಾನಕ್ಕೆ ಪರಿಚಯಿಸಿದವನು ದೇಶಭ್ರಷ್ಟನಾದ ಒಬ್ಬ ಪಾದ್ರಿ. ಹುವಾನ್ ಇಗ್ನಾಸಿಯೊ ಮೊಲಿನಾ ಎಂಬ ಇವನು ಚಿಲಿಯಲ್ಲಿ 1740ರಲ್ಲಿ ಹುಟ್ಟಿದವನು, ಜೆಸ್ಯೂಟ್ ಸಂಘಕ್ಕೆ ಸೇರಿದವನು. ಸ್ಪೇನಿನ ದೊರೆ ಮೂರನೇ ಕಾರ್ಲೊಸ್ 1767ರಲ್ಲಿ ತನ್ನ ಸಾಮ್ರಾಜ್ಯದಿಂದ ಜೆಸ್ಯೂಟರೆಲ್ಲರನ್ನೂ ಹೊರಹಾಕಿದಾಗ ಮೊಲಿನಾ ಕೂಡ ಹಡಗು ಹತ್ತಬೇಕಾಯಿತು. ಕೊನೆಗೆ ನೆಲೆ ನಿಂತದ್ದು ಇಟಲಿಯ ಬೊಲೊನ್ಯಾ ನಗರದಲ್ಲಿ. ಮತ್ತೆಂದೂ ತವರು ಕಾಣದ ಆತ ಅಲ್ಲಿ ಕುಳಿತು ತನ್ನ ನಾಡಿನ ಗಿಡ, ಮರ, ಪ್ರಾಣಿ, ಕಲ್ಲುಗಳ ಬಗೆಗೆ ಬರೆದ ಗ್ರಂಥ 1782ರಲ್ಲಿ ಪ್ರಕಟವಾಯಿತು. ಚಿಂಚಿಲ್ಲಾಕ್ಕೆ ಮೊದಲ ವೈಜ್ಞಾನಿಕ ಹೆಸರು ಬಂದದ್ದು ಆ ಪುಸ್ತಕದಲ್ಲೇ. ಅದರಲ್ಲೇ ಡೇಗುವೂ ಇದೆ, ಆದರೆ ಅಳಿಲಿನ ಜಾತಿಯಲ್ಲಿ! ಚಿಲಿಯ ಮೂಲ ನಿವಾಸಿಗಳಾದ ಮಾಪುಚೆ ಜನರ ಭಾಷೆಯಲ್ಲಿ ಇಲಿಗೆ ಇರುವ ಮಾತಿನಿಂದ ‘ಡೇಗು’ ಎಂಬ ಹೆಸರು ಬಂದಿದೆ. ಹಳ್ಳಿಯವರು ಇಲಿ ಎಂದರು, ಪಂಡಿತ ಅಳಿಲು ಎಂದ. ಎರಡೂ ಸರಿಯಲ್ಲ ಎಂಬುದು ಗೊತ್ತಾಗಲು ಐವತ್ತು ವರ್ಷ ಬೇಕಾಯಿತು.

ಅದನ್ನು ತಿಳಿಸಿದ್ದು ಹಲ್ಲು. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಎಡ್ವರ್ಡ್ ಟರ್ನರ್ ಬೆನೆಟ್ 1832ರಲ್ಲಿ ಚಿಲಿಯ ಒಂದು ದಂಶಕವನ್ನು ಪರೀಕ್ಷಿಸಿ, ಅದರ ದವಡೆಹಲ್ಲಿನ ಅರೆಯುವ ಮೇಲ್ಮೈ ಎಂಟರ ಅಂಕಿಯಂತೆ ಇರುವುದನ್ನು ಗುರುತಿಸಿದ. (ಕನ್ನಡದ ೮ ಅಲ್ಲ; ನಡು ಸಣ್ಣಗಾಗಿ ಮೇಲೆ ಕೆಳಗೆ ಉಬ್ಬಿದ 8.) ಗ್ರೀಕಿನಲ್ಲಿ ಎಂಟು ಮತ್ತು ಹಲ್ಲು ಎಂಬ ಎರಡು ಪದಗಳನ್ನು ಕೂಡಿಸಿ ‘ಆಕ್ಟೊಡಾನ್’ ಎಂಬ ಹೊಸ ಕುಲವನ್ನೇ ಸೃಷ್ಟಿಸಿದ. ಚಿಪ್ಪುಗಳನ್ನು ಸಂಗ್ರಹಿಸುವುದರಲ್ಲಿ ಹೆಸರಾಗಿದ್ದ ಹ್ಯೂ ಕಮಿಂಗ್‌ನ ಗೌರವಾರ್ಥ ಪ್ರಾಣಿಗೆ ಅವನ ಹೆಸರನ್ನೂ ಸೇರಿಸಿದ. ಬೆನೆಟ್ ಕಂಡ ಪ್ರಾಣಿ ಮತ್ತು ಮೊಲಿನಾ ಬರೆದ ‘ಅಳಿಲು’ ಎರಡೂ ಒಂದೇ ಎಂದು ಆಮೇಲೆ ತೀರ್ಮಾನವಾಯಿತು. ಕಮಿಂಗ್‌ನ ಹೆಸರು ಬಿದ್ದುಹೋಗಿ ‘ಆಕ್ಟೊಡಾನ್ ಡೇಗಸ್’ ಉಳಿಯಿತು. ಒಂದು ಪ್ರಾಣಿಯ ಹೆಸರಿನಲ್ಲೇ ಅದರ ಮುಂದಿನ ಕಷ್ಟವೂ ಸೇರಿಕೊಂಡಿರುವುದು ಕಾಕತಾಳೀಯವೇ ಸರಿ.

ಬೀಗಲ್ ಹಡಗಿನ ಯಾತ್ರೆಯಲ್ಲಿ 1834 ಮತ್ತು 1835ರಲ್ಲಿ ಚಿಲಿಯಲ್ಲಿ ಅಲೆದ ಚಾರ್ಲ್ಸ್ ಡಾರ್ವಿನ್ ಕೂಡ ಈ ಪ್ರಾಣಿಯನ್ನು ನೋಡಿದ್ದ. ಬೇಲಿ ಪೊದೆಗಳ ಬಳಿ ಹಾಡುಹಗಲೇ ಗುಂಪುಗುಂಪಾಗಿ ಮೇಯುತ್ತಿದ್ದ ಇವು ಅವನ ಗಮನ ಸೆಳೆದಿದ್ದವು.

ಡಾರ್ವಿನ್ ಕಂಡ ಆ ಪೊದೆಗಾಡನ್ನು ಅರ್ಥ ಮಾಡಿಕೊಳ್ಳದೆ ಡೇಗುವಿನ ಹಲ್ಲು ಅರ್ಥವಾಗುವುದಿಲ್ಲ. ನಡು ಚಿಲಿಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಉದ್ದವಾದದ್ದು, ಒಣಗಿದ್ದು. ಜಾಲಿಯ ಬಳಗದ ಮುಳ್ಳುಮರಗಳು, ಕುರುಚಲು ಪೊದೆಗಳು, ನಡುವೆ ಒರಟು ಹುಲ್ಲು. ಡೇಗುಗಳು ನೆಲದಡಿಯಲ್ಲಿ ಬಿಲ ತೋಡಿಕೊಂಡು ಒಕ್ಕಲುಗಳಾಗಿ ಬದುಕುತ್ತವೆ. ಒಂದರ ಮರಿಗೆ ಇನ್ನೊಂದು ತಾಯಿ ಹಾಲೂಡಿಸುವುದುಂಟು. ಮಳೆಗಾಲದಲ್ಲಿ ಹಸಿರು ಹುಲ್ಲು, ಎಲೆ. ಬೇಸಿಗೆಯಲ್ಲಿ ಒಣಹುಲ್ಲು, ಬೀಜ, ತೊಗಟೆ. ಏನೂ ಸಿಗದಿದ್ದಾಗ ದನ ಕುದುರೆಗಳ ಒಣಸಗಣಿಯನ್ನೂ ತಿನ್ನುತ್ತವೆ. ಸಾರವಿಲ್ಲದ, ನಾರು ತುಂಬಿದ ಈ ಮೇವನ್ನು ಹೊಟ್ಟೆ ತುಂಬುವಷ್ಟು ತಿನ್ನಬೇಕಾದರೆ ದಿನದ ಬಹುಭಾಗ ಅರೆಯುತ್ತಲೇ ಇರಬೇಕು. ಬೀಸುವ ಕಲ್ಲಿನಂತೆ ಹಲ್ಲು ಸವೆಯುತ್ತದೆ. ಸವೆದಷ್ಟೂ ಬೆಳೆಯುವ ವ್ಯವಸ್ಥೆಯನ್ನು ಪ್ರಕೃತಿ ಇಟ್ಟಿದೆ.

ಡೇಗುವಿಗೆ ಒಟ್ಟು 20 ಹಲ್ಲು: ಮುಂದೆ ನಾಲ್ಕು ಬಾಚಿಹಲ್ಲು, ಹಿಂದೆ ಹದಿನಾರು ದವಡೆಹಲ್ಲು. ಇಲಿಗಳಲ್ಲಿ ಜೀವನವಿಡೀ ಬೆಳೆಯುವುದು ಬಾಚಿಹಲ್ಲು ಮಾತ್ರ. ಡೇಗುವಿನಲ್ಲಿ ಇಪ್ಪತ್ತೂ ಬೆಳೆಯುತ್ತವೆ. ಅವುಗಳಿಗೆ ನಮ್ಮ ಹಲ್ಲಿನಂತೆ ಮುಚ್ಚಿದ ಬೇರಿಲ್ಲ. ದವಡೆಯೊಳಗೆ ತಳ ತೆರೆದೇ ಇದ್ದು ಅಲ್ಲಿಂದ ಹೊಸ ಹಲ್ಲು ಸದಾ ಮೇಲೇರುತ್ತಿರುತ್ತದೆ. ಬೆಳೆಯುವುದೂ ಸವೆಯುವುದೂ ಸರಿದೂಗುವ ತನಕ ಎಲ್ಲ ಸುಸೂತ್ರ.

ಪ್ರಯೋಗಾಲಯದಿಂದ ಪಂಜರಕ್ಕೆ

ಈ ಪ್ರಾಣಿಯನ್ನು ತವರಿನಿಂದ ಹೊರಗೆ ಒಯ್ದವರು ವಿಜ್ಞಾನಿಗಳು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಡೇಗುಗಳು ಅಮೆರಿಕದ ಪ್ರಯೋಗಾಲಯಗಳನ್ನು ತಲುಪಿದವು. ಅಲ್ಲೇ ಮರಿ ಹಾಕಿ ಬೆಳೆದವು. ಚಾರ್ಲ್ಸ್ ವುಡ್ಸ್ ಮತ್ತು ಡೇವಿಡ್ ಬೊರೇಕರ್ 1975ರಲ್ಲಿ ಡೇಗುವಿನ ಬಗೆಗೆ ಆವರೆಗೆ ತಿಳಿದಿದ್ದ ಸಂಗತಿಗಳನ್ನೆಲ್ಲ ಒಂದೆಡೆ ಕಲೆಹಾಕಿ ಪ್ರಕಟಿಸಿದರು. ವಿಜ್ಞಾನಿಗಳನ್ನು ಸೆಳೆದದ್ದು ಮುಖ್ಯವಾಗಿ ಇದರ ಇನ್ಸುಲಿನ್. ಡೇಗುವಿನ ಇನ್ಸುಲಿನ್ನಿನ ರಚನೆ ಬೇರೆ ಸಸ್ತನಿಗಳಿಗಿಂತ ಭಿನ್ನ. ಅದರ ಶಕ್ತಿ ಉಳಿದವುಗಳ ಶೇಕಡಾ 1ರಿಂದ 10ರಷ್ಟು ಮಾತ್ರ. ಒರಟು ಹುಲ್ಲು ತಿನ್ನುವ ಪ್ರಾಣಿಗೆ ಅಷ್ಟೇ ಸಾಕಾಗಿತ್ತು. ಸಿಹಿ ಕೊಟ್ಟರೆ ಬಲು ಬೇಗ ಮಧುಮೇಹ ಬರುತ್ತದೆ, ಕೆಲವೇ ವಾರಗಳಲ್ಲಿ ಕಣ್ಣಿಗೆ ಪೊರೆ ಕವಿಯುತ್ತದೆ. ಮನುಷ್ಯನ ಸಕ್ಕರೆ ಕಾಯಿಲೆಯನ್ನು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಮುದಿ ಡೇಗುಗಳ ಮಿದುಳಿನಲ್ಲಿ ಮನುಷ್ಯರ ಆಲ್ಝೈಮರ್ ರೋಗವನ್ನು ಹೋಲುವ ಬದಲಾವಣೆಗಳಿವೆ ಎಂದು ಚಿಲಿಯ ಸಂಶೋಧಕರು 2005ರಲ್ಲಿ ವರದಿ ಮಾಡಿದ ಮೇಲಂತೂ ಬೇಡಿಕೆ ಇನ್ನಷ್ಟು ಹೆಚ್ಚಿತು. ತರಬೇತಿ ಪಡೆದ ಡೇಗುಗಳು ಪುಟ್ಟ ಗೋರೆಯಿಂದ ಆಹಾರವನ್ನು ತಮ್ಮತ್ತ ಎಳೆದುಕೊಳ್ಳಲು ಕಲಿತದ್ದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು.

ಇಷ್ಟು ಬುದ್ಧಿ, ಇಷ್ಟು ಸ್ನೇಹದ ಪ್ರಾಣಿ ಪ್ರಯೋಗಾಲಯ, ಮೃಗಾಲಯಗಳಲ್ಲೇ ಉಳಿದೀತೆ? ನಿಧಾನವಾಗಿ ಸಾಕುಪ್ರಾಣಿಗಳ ಅಂಗಡಿ ಸೇರಿತು. ಆದರೆ ಅದರ ಜೊತೆಗೆ ಅದರ ಬೆಟ್ಟದ ಹುಲ್ಲು ಬರಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು ಸೂರ್ಯಕಾಂತಿ ಬೀಜ, ಜೋಳ, ಗೋಧಿ, ಒಣ ಹಣ್ಣುಗಳ ಬಣ್ಣಬಣ್ಣದ ಮಿಶ್ರಣ. ಪ್ರೀತಿಯಿಂದ ಕೊಟ್ಟ ಒಣದ್ರಾಕ್ಷಿ ಬೇರೆ. ಸಿಹಿ ಕೊಡಬಾರದು ಎಂಬ ಎಚ್ಚರಿಕೆ ಸಾಕುವವರಲ್ಲಿ ಬೇಗನೆ ಹರಡಿತು, ಏಕೆಂದರೆ ಕಣ್ಣಿನ ಪೊರೆ ಎದುರಿಗೇ ಕಾಣುತ್ತದೆ. ಬಾಯಿಯ ಒಳಗೆ ನಡೆಯುತ್ತಿದ್ದುದು ಕಾಣುವಂತಿರಲಿಲ್ಲ.

ಅಲ್ಲಿ ಆಗುವುದು ಹೀಗೆ. ಹುಲ್ಲಿನ ಎಸಳನ್ನು ಅರೆಯಬೇಕಾದರೆ ದವಡೆ ಹಲ್ಲಿನ ಮೇಲೆ ಹಲ್ಲು ಉಜ್ಜುವಂತೆ ಸರಿದಾಡಬೇಕು. ಬೀಜವನ್ನು ಒಡೆಯಲು ಅಷ್ಟು ಬೇಕಿಲ್ಲ. ಮೇಲೆ ಕೆಳಗೆ ನಾಲ್ಕು ಸಲ ಕುಟ್ಟಿದರೆ ಮುಗಿಯಿತು. ಅಲ್ಲದೆ ಸಾರವತ್ತಾದ ಆಹಾರ ಸ್ವಲ್ಪಕ್ಕೇ ಹೊಟ್ಟೆ ತುಂಬುತ್ತದೆ. ಹಲ್ಲು ಬೆಳೆಯುವುದು ನಿಲ್ಲದು, ಸವೆಯುವುದು ನಿಲ್ಲುತ್ತದೆ. ಮೊದಲು ದವಡೆಹಲ್ಲುಗಳು ಉದ್ದವಾಗಿ ಅಂಚಿನಲ್ಲಿ ಮುಳ್ಳಿನಂತೆ ಚೂಪಾಗುತ್ತವೆ. ನಾಲಿಗೆಗೋ ಕೆನ್ನೆಯ ಒಳಭಾಗಕ್ಕೋ ಚುಚ್ಚುತ್ತವೆ. ಬಾಯಿ ಪೂರ್ತಿ ಮುಚ್ಚದಂತಾದಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಒತ್ತತೊಡಗುತ್ತವೆ. ಮೇಲೇರಲು ಜಾಗವಿಲ್ಲದ ಹಲ್ಲು ಹಿಂದಕ್ಕೆ, ಎಲುಬಿನೊಳಕ್ಕೆ ಬೆಳೆಯುತ್ತದೆ. ಕೆಳದವಡೆಯ ಅಂಚಿನಲ್ಲಿ ಬೆರಳಿಗೆ ಗಂಟುಗಂಟಾಗಿ ಸಿಗುವುದು ಈ ಬೇರಿನ ತುದಿಗಳೇ. ಮೇಲ್ದವಡೆಯಲ್ಲಾದರೆ ಅವು ಕಣ್ಣಿನ ಗೂಡಿನತ್ತ, ಮೂಗಿನತ್ತ ಒತ್ತುತ್ತವೆ. ಮೇಲಿನ ಬಾಚಿಹಲ್ಲಿನ ಬುಡದಲ್ಲಿ ಹಲ್ಲಿನದೇ ದ್ರವ್ಯ ಮುದ್ದೆಗಟ್ಟಿ ಗಡ್ಡೆಯಾಗಿ ಉಸಿರಿನ ದಾರಿ ಕಟ್ಟುವುದೂ ಉಂಟು. ಡೇಗು ಉಸಿರಾಡುವುದು ಮೂಗಿನಿಂದ. ಮೂಗು ಕಟ್ಟಿದರೆ ಜೀವವೇ ಅಪಾಯದಲ್ಲಿ.

ಇದು ಕೇವಲ ಸವೆತದ ಲೆಕ್ಕವೂ ಅಲ್ಲ. ಕಾಳು, ಬೀಜಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಮೆ. ಚೆಕ್ ಗಣರಾಜ್ಯದ ಬ್ರನೋ ನಗರದ ಪಶುವೈದ್ಯ ವ್ಲಾದಿಮೀರ್ ಯೆಕ್ಲ್ ಮತ್ತು ಸಂಗಡಿಗರು ಬೇರೆ ಬೇರೆ ಖನಿಜ ಪ್ರಮಾಣದ ಆಹಾರವನ್ನು ಡೇಗುಗಳಿಗೆ ಕೊಟ್ಟು ನೋಡಿದಾಗ, ರಂಜಕ ಹೆಚ್ಚಿದ್ದ ಆಹಾರ ತಿಂದವುಗಳ ದವಡೆಹಲ್ಲು ಉದ್ದವಾದದ್ದು ಕಂಡುಬಂತು. ಅದೇ ತಂಡ 2011ರಲ್ಲಿ ಪ್ರಕಟಿಸಿದ ಇನ್ನೊಂದು ವರದಿ ಪಶುವೈದ್ಯರ ಕಣ್ಣು ತೆರೆಸಿತು. ಚಿಕಿತ್ಸೆಗೆ ಬಂದ 300 ಸಾಕು ಡೇಗುಗಳ ದಾಖಲೆ ನೋಡಿದಾಗ ಶೇಕಡಾ 60ರಷ್ಟಕ್ಕೆ ಹಲ್ಲಿನ ರೋಗವಿತ್ತು. ಬೇರಾವ ಕಾಯಿಲೆಯೂ ಅದರ ಹತ್ತಿರ ಬರಲಿಲ್ಲ. ಎರಡು ವರ್ಷ ದಾಟಿದವುಗಳಿಗೆ ಅಪಾಯ ಹೆಚ್ಚು. ಕಾಡಿನಲ್ಲಿ ನರಿ, ಗೂಬೆಗಳ ಕಣ್ಣು ತಪ್ಪಿಸಿ ಎರಡು ವರ್ಷ ಬದುಕುವ ಡೇಗುಗಳೇ ಕಡಮೆ ಎಂಬುದನ್ನು ಇಲ್ಲಿ ನೆನೆಯಬೇಕು. ಪಂಜರದಲ್ಲಿ ಐದಾರು ವರ್ಷ, ಕೆಲವೊಮ್ಮೆ ಎಂಟು ವರ್ಷ ಬದುಕುತ್ತವೆ. ಬಂಧನ ಆಯುಸ್ಸು ಕೊಟ್ಟಿತು. ಆ ಆಯುಸ್ಸಿನಲ್ಲಿ ರೋಗ ಕಾಣಿಸಿಕೊಳ್ಳುವಷ್ಟು ಸಮಯವನ್ನೂ ಕೊಟ್ಟಿತು.

ಚಿಂಚಿಲ್ಲಾಗಳ ಕಥೆಯೂ ಇದೇ. ಬ್ರಿಟನ್ನಿನ ಪಶು ದಂತವೈದ್ಯ ಡೇವಿಡ್ ಕ್ರಾಸ್ಲಿ ಕಾಡಿನಲ್ಲಿ ಹಿಡಿದಿದ್ದ ಚಿಂಚಿಲ್ಲಾಗಳ ತಲೆಬುರುಡೆಗಳನ್ನು ಸಾಕಿದವುಗಳ ಜೊತೆ ಇಟ್ಟು ಅಳೆದು 2001ರಲ್ಲಿ ಪ್ರಕಟಿಸಿದ. ಕಾಡಿನವುಗಳ ದವಡೆಹಲ್ಲು ಸುಮಾರು 6 ಮಿಲಿಮೀಟರ್. ಸಾಕಿದವುಗಳಲ್ಲಿ ರೋಗವೇ ಇಲ್ಲ ಎನಿಸಿದ್ದವುಗಳ ಹಲ್ಲೂ 7 ಮಿಲಿಮೀಟರ್ ದಾಟಿತ್ತು. ಅಂದರೆ ಆರೋಗ್ಯವಂತ ಎಂದು ಸಾಕುವವರು ತಿಳಿದದ್ದೇ ಅರ್ಧ ದಾರಿ ಸಾಗಿದ ರೋಗವಾಗಿತ್ತು.

ಗ್ರಾಂಗಳ ಲೆಕ್ಕ

ಬೇಟೆಗೆ ಸಿಕ್ಕುವ ಪ್ರಾಣಿಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ಸೊರಗಿದಂತೆ ಕಂಡರೆ ನರಿಯ ಕಣ್ಣಿಗೆ ಮೊದಲು ಬೀಳುವುದು ಅದೇ. ಡೇಗು ಈ ಅಭ್ಯಾಸವನ್ನು ಮನೆಗೂ ತಂದಿದೆ. ಆದ್ದರಿಂದ ರೋಗ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹುಲ್ಲು ಬಿಟ್ಟು ಮೆತ್ತಗಿನದನ್ನೇ ಆರಿಸಿ ತಿನ್ನುವುದು, ಗಲ್ಲದ ಕೆಳಗಿನ ಕೂದಲು ಜೊಲ್ಲಿನಿಂದ ಒದ್ದೆಯಾಗಿರುವುದು, ಹಿಕ್ಕೆ ಸಣ್ಣದಾಗುವುದು, ಉಸಿರಿನಲ್ಲಿ ಗೊರಗೊರ ಸದ್ದು ಇವೆಲ್ಲ ಲಕ್ಷಣಗಳು. ಬಾಚಿಹಲ್ಲಿನ ಬಣ್ಣವೂ ಒಂದು ಸುಳಿವು. ಹಳದಿ ಹಲ್ಲೆಂದರೆ ನಮಗೆ ಕೊಳಕು. ಡೇಗುವಿನ ಬಾಚಿಹಲ್ಲು ಕಿತ್ತಳೆ ಬಣ್ಣಕ್ಕಿದ್ದರೇ ಚೆನ್ನ, ಬೆಳ್ಳಗಾದರೆ ಅನುಮಾನಿಸಬೇಕು.

ಇವೆಲ್ಲಕ್ಕಿಂತ ಮೊದಲೇ ಸುದ್ದಿ ಕೊಡುವುದು ಅಡುಗೆಮನೆಯ ಪುಟ್ಟ ತಕ್ಕಡಿ. ವಾರಕ್ಕೊಮ್ಮೆ ತೂಗಿ ಬರೆದಿಡಿ ಎನ್ನುವುದು ಪಶುವೈದ್ಯರ ಮೊದಲ ಮಾತು. 200 ಗ್ರಾಂ ತೂಗುವ ಪ್ರಾಣಿಯಲ್ಲಿ 20 ಗ್ರಾಂ ಇಳಿದರೆ ಅದು ಹತ್ತನೇ ಒಂದು ಪಾಲು. 60 ಕಿಲೋ ತೂಕದ ಮನುಷ್ಯ 6 ಕಿಲೋ ಇಳಿದಂತೆ. ದಟ್ಟ ಕೂದಲಿನ ಕೆಳಗೆ ಆ 20 ಗ್ರಾಂ ಕಣ್ಣಿಗೆ ಕಾಣಿಸುವುದಿಲ್ಲ.

ವೈದ್ಯರ ಬಳಿ ಹೋದ ಮೇಲೂ ಕೆಲಸ ಸುಲಭವಲ್ಲ. ಡೇಗುವಿನ ಬಾಯಿ ತೆರೆಯುವುದು ಬೆರಳೂ ತೂರದಷ್ಟು. ಎಚ್ಚರವಿರುವಾಗ ನೋಡಲು ಹೋದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಅರಿವಳಿಕೆ ಕೊಟ್ಟು, ತೆಳುವಾದ ಎಂಡೊಸ್ಕೋಪ್ ಇಳಿಸಿ, ತಲೆಯ ಎಕ್ಸ್‌ರೇ ತೆಗೆದಾಗಲೇ ಹಲ್ಲಿನ ಬುಡದ ಸ್ಥಿತಿ ತಿಳಿಯುವುದು. ಈಗ ಅನುಕೂಲವಿರುವ ಕಡೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಒಂದು ಕಾಲಕ್ಕೆ ಇಂಥ ಚಿಕ್ಕ ಪ್ರಾಣಿಗೆ ಅರಿವಳಿಕೆ ಎಂದರೆ ಜೂಜಾಟವೇ ಆಗಿತ್ತು. ಉಸಿರಿನ ಮೂಲಕ ಕೊಡುವ ಐಸೊಫ್ಲೂರೇನ್ ಬಳಕೆಗೆ ಬಂದ ಮೇಲೆ ಅಪಾಯ ಕಡಮೆಯಾಯಿತು, ಪೂರ್ತಿ ಹೋಗಲಿಲ್ಲ. ಪುಟ್ಟ ಮೈ ಬಲು ಬೇಗ ತಣ್ಣಗಾಗುತ್ತದೆ. ಬೆಚ್ಚಗಿಡುವುದೇ ಒಂದು ಕೆಲಸ.

ಉದ್ದವಾದ ಹಲ್ಲನ್ನು ದಂತವೈದ್ಯರ ಯಂತ್ರದಂತಹ ಪುಟ್ಟ ಉಪಕರಣದಿಂದ ಸವೆಸಿ ಮಟ್ಟ ಮಾಡುತ್ತಾರೆ. ಹಿಂದೆ ಬಾಚಿಹಲ್ಲನ್ನು ಉಗುರು ಕತ್ತರಿಸುವ ಕತ್ತರಿಯಿಂದ ಕತ್ತರಿಸುವ ರೂಢಿಯೂ ಇತ್ತು. ಹಲ್ಲು ಉದ್ದುದ್ದಕ್ಕೆ ಸೀಳಿ ಬುಡದವರೆಗೆ ಸೋಂಕು ಹಿಡಿಯುವುದರಿಂದ ಅದನ್ನು ಕೈಬಿಡಲಾಗಿದೆ. ಕಡಿಯಲು ಮರದ ತುಂಡು ಕೊಟ್ಟರೆ ಹಲ್ಲಿನ ಚಿಂತೆಯಿಲ್ಲ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಮರ ಕಡಿಯುವುದು ಬಾಚಿಹಲ್ಲು; ರೋಗ ಶುರುವಾಗುವುದು ಹೆಚ್ಚಾಗಿ ಹಿಂದಿನ ದವಡೆಹಲ್ಲಿನಲ್ಲಿ. ಅದಕ್ಕೆ ಹುಲ್ಲೇ ಬೇಕು.

ಹಲ್ಲು ಸವೆಸಿದ ಮೇಲೆ ಏನು? ಸಾಕುವವರ ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಎಲುಬಿನೊಳಕ್ಕೆ ಬೆಳೆದ ಬೇರನ್ನು ಹಿಂದಕ್ಕೆ ತರಲಾಗದು. ಮೇಲಿನ ಭಾಗವನ್ನು ಸವೆಸಿದರೆ ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮತ್ತೆ ಅರಿವಳಿಕೆ, ಮತ್ತೆ ಸವೆಸುವುದು. ನಡುವೆ ಪ್ರಾಣಿ ತಾನೇ ತಿನ್ನದಿದ್ದರೆ ಹುಲ್ಲಿನ ಪುಡಿಯಿಂದ ಮಾಡಿದ ಪಥ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ ಸೂಜಿಯಿಲ್ಲದ ಸಿರಿಂಜಿನಿಂದ ಕೆಲವು ಗಂಟೆಗೊಮ್ಮೆ ಬಾಯಿಯ ಪಕ್ಕದಿಂದ ತಿನ್ನಿಸಬೇಕು. ಕರುಳು ಒಮ್ಮೆ ನಿಂತರೆ ಮತ್ತೆ ನಡೆಸುವುದು ಕಷ್ಟವಾದ್ದರಿಂದ ರಾತ್ರಿಯೂ ಬಿಡುವಂತಿಲ್ಲ. ಅವಸರಪಟ್ಟರೆ ಶ್ವಾಸಕ್ಕೆ ಹೋಗುತ್ತದೆ. ಕೆಲಸಕ್ಕೆ ಹೋಗುವ ಮನೆಯವರು ಸರದಿ ಹಾಕಿಕೊಂಡು ಎದ್ದು ತಿನ್ನಿಸಬೇಕಾಗುತ್ತದೆ. ಅಂಗಡಿಯಲ್ಲಿ ಪ್ರಾಣಿಗೆ ಕೊಟ್ಟ ಹಣಕ್ಕಿಂತ ಎಷ್ಟೋ ಪಟ್ಟು ಒಂದು ಸಲದ ಚಿಕಿತ್ಸೆಗೇ ಹೋಗುತ್ತದೆ. ಒಂದು ಇಲಿಗೆ ಇಷ್ಟೊಂದೇ ಎಂದು ನೆರೆಯವರು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ನೋವಿಗೆ ಕೊಡುವ ಔಷಧಗಳಲ್ಲಿ ಮೆಲಾಕ್ಸಿಕಾಮ್ ಮುಖ್ಯವಾದದ್ದು. ಈ ಹೆಸರು ಭಾರತದಲ್ಲಿ ಬೇರೊಂದು ಕಾರಣಕ್ಕೆ ಪರಿಚಿತ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ರಣಹದ್ದುಗಳ ಸಾಮೂಹಿಕ ಸಾವಿಗೆ ಕಾರಣವೆಂದು ತಿಳಿದು 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದಾಗ, ಹದ್ದುಗಳಿಗೆ ಹಾನಿ ಮಾಡದ ಬದಲಿ ಎಂದು ಸೂಚಿಸಿದ್ದು ಇದನ್ನೇ. ರಾಮನಗರದ ಬೆಟ್ಟದ ರಣಹದ್ದಿಗೂ ಯುರೋಪಿನ ಪಂಜರದ ಡೇಗುವಿಗೂ ಒಂದೇ ಔಷಧ ಆಸರೆಯಾಗಿರುವುದು ಸ್ವಾರಸ್ಯದ ಸಂಗತಿ.

ಇನ್ನೊಂದು ತೊಡಕು ಗುಂಪಿನದು. ಕಾಯಿಲೆಯ ಪ್ರಾಣಿಯನ್ನು ಪ್ರತ್ಯೇಕವಾಗಿಟ್ಟರೆ ಎಷ್ಟು ತಿಂದಿತು ಎಂದು ಲೆಕ್ಕ ಸಿಗುತ್ತದೆ, ನಿಜ. ಆದರೆ ಡೇಗು ಒಂಟಿಯಾಗಿ ಬದುಕುವ ಜೀವವಲ್ಲ. ಬಹಳ ದಿನ ದೂರವಿಟ್ಟು ಮತ್ತೆ ಸೇರಿಸಿದರೆ ವಾಸನೆ ಬದಲಾದ ಹಳೆಯ ಒಡನಾಡಿಯನ್ನು ಉಳಿದವು ಪರಕೀಯನೆಂದು ಬಗೆದು ಕಚ್ಚುವುದುಂಟು. ಹೀಗಾಗಿ ಜೊತೆಯಲ್ಲೇ ಇಟ್ಟು, ತಿನ್ನಿಸುವ ಹೊತ್ತಿಗೆ ಮಾತ್ರ ಹೊರತೆಗೆಯುವುದು, ಇಲ್ಲವೇ ನಡುವೆ ಜಾಲರಿ ಇಟ್ಟು ಒಂದೇ ಪಂಜರದಲ್ಲಿ ಇರಿಸುವುದು ಮೇಲು.

ಬೇಗ ಪತ್ತೆಯಾದ ರೋಗವನ್ನು ಹುಲ್ಲಿನ ಆಹಾರ ಮತ್ತು ಆಗಾಗಿನ ಚಿಕಿತ್ಸೆಯಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಮೂಗು ಕಟ್ಟಿ ಬಾಯಿ ತೆರೆದು ಉಸಿರಾಡುವ, ಔಷಧ ಕೊಟ್ಟರೂ ತಿನ್ನದೆ ಮೂಲೆ ಸೇರುವ ಹಂತ ಬಂದಾಗ ಪಶುವೈದ್ಯರು ದಯಾಮರಣದ ಮಾತೆತ್ತುತ್ತಾರೆ. ಅದು ಯಾವಾಗ ಎಂದು ಯಾವ ಪುಸ್ತಕವೂ ದಿನಾಂಕ ಹಾಕಿ ಹೇಳಲಾರದು. ಒಂದು ಚಿಕಿತ್ಸೆಯಿಂದ ಇನ್ನೊಂದಕ್ಕೆ ಇರುವ ಅಂತರ ಕಡಮೆಯಾಗುತ್ತಿದೆಯೇ, ನಡುವಿನ ದಿನಗಳಲ್ಲಿ ಪ್ರಾಣಿ ತಾನಾಗಿ ತಿಂದದ್ದು ಎಷ್ಟು ದಿನ, ಗುಂಪಿನ ಜೊತೆ ಮಲಗಿದ್ದು ಎಷ್ಟು ದಿನ ಎಂದು ನೋಡಿ ತೀರ್ಮಾನಿಸಬೇಕಾಗುತ್ತದೆ. ವಾರವಾರ ತೂಕ ಬರೆದಿಟ್ಟ ಹಾಳೆ ಇಲ್ಲಿ ಮತ್ತೆ ಬೇಕಾಗುತ್ತದೆ. ಮನಸ್ಸು ಇಂದು ಪರವಾಗಿಲ್ಲ ಎನ್ನುವಾಗಲೂ ಅದರಲ್ಲಿ 212, 204, 197, 185 ಎಂದು ಅಂಕಿಗಳು ಇಳಿಯುತ್ತಿರಬಹುದು.

ಚಿಲಿಯಲ್ಲಿ ಡೇಗುಗಳಿಗೆ ಈಗಲೂ ಕೊರತೆಯಿಲ್ಲ. ಕೆಲವು ಕಡೆ ಬೆಳೆಗೆ ಪಿಡುಗೆಂದು ರೈತರು ಬೈಯುವುದೂ ಉಂಟು. ಅಲ್ಲಿನ ಫ್ರಾಯ್ ಹೋರ್ಹೆ ರಾಷ್ಟ್ರೀಯ ಉದ್ಯಾನದಲ್ಲಿ 1989ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ ಸಂಶೋಧಕರು ಇವುಗಳನ್ನು ಬೋನಿನಲ್ಲಿ ಹಿಡಿದು, ಗುರುತು ಹಾಕಿ, ಮತ್ತೆ ಬಿಟ್ಟು ವರ್ಷಾನುಗಟ್ಟಲೆ ಎಣಿಸಿದ್ದಾರೆ. ಮಳೆ ಚೆನ್ನಾಗಿ ಬಂದು ಹುಲ್ಲು ಎದ್ದ ಮೇಲೆ ಬೋನಿಗೆ ಬೀಳುವ ಡೇಗುಗಳ ಸಂಖ್ಯೆ ಏರುತ್ತದೆ. ಬರ ಬಿದ್ದಾಗ ಇಳಿಯುತ್ತದೆ.